ಚಳಿಗಾಲದಲ್ಲಿ ಕರುವಿಗೂ ಇರಲಿ ಒಂದು ಕೌದಿ



ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳಂತೂ ಹೊರದೇಶಗಳಲ್ಲೂ ಪ್ರದರ್ಶನಗೊಂಡಿವೆ. ಇದೇ ಕೌದಿಯನ್ನು ಚಿಕ್ಕದಾಗಿ ಹೊಲಿದರೆ ಚಳಿಗಾಲದಲ್ಲಿ ಹುಟ್ಟಿದ ಕರುವಿನ ರಕ್ಷಣೆಗೆ ಬಳಸಬಹುದು.

ಕರುವಿಗೆ ಕೌದಿ ಏಕೆ?

ದೊಡ್ಡ ರಾಸುಗಳ ಹೊಟ್ಟೆಯಲ್ಲಿ ಮೇವು ಹುದುಗುವಾಗ ಶಾಖ ಹುಟ್ಟುತ್ತದೆ. ಎಳೆಗರುವಿಗೆ ಈ ಅನುಕೂಲವಿಲ್ಲ. ಮೈಯಲ್ಲಿ ಕೊಬ್ಬೂ ಕಡಿಮೆ. ಮೊದಲ 3 ವಾರಗಳಲ್ಲಿ ಉಷ್ಣಾಂಶ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ, ಕುಡಿದ ಹಾಲಿನ ಶಕ್ತಿಯ ಒಂದು ಭಾಗ ಮೈ ಬೆಚ್ಚಗಿಡಲು ಖರ್ಚಾಗುತ್ತದೆ. ಬೆಳವಣಿಗೆ ಕುಂಠಿತವಾಗುತ್ತದೆ, ಭೇದಿ, ನ್ಯುಮೋನಿಯಾ ಬೇಗ ತಗಲುತ್ತವೆ. ಕೌದಿಯ ಪದರಗಳ ನಡುವೆ ನಿಂತ ಗಾಳಿ ಕರುವಿನ ಮೈಶಾಖವನ್ನು ಹೊರಹೋಗದಂತೆ ತಡೆಯುತ್ತದೆ.

ಹೊಲಿಯುವ ವಿಧಾನ

1. ಹೆಗಲಿನಿಂದ ಬಾಲದ ಬುಡದವರೆಗೆ ಉದ್ದ, ಬೆನ್ನಿನ ಮೇಲಿಂದ ಎರಡೂ ಬದಿ ಹೊಟ್ಟೆಯವರೆಗೆ ಅಗಲ: ದಾರದಿಂದ ಅಳತೆ ಮಾಡಿಕೊಳ್ಳಿ.

2. ಒಗೆದು ಒಣಗಿಸಿದ ಬಟ್ಟೆಗಳಿಂದ ಗುಂಡಿ, ಹುಕ್ಕು, ಪಿನ್ನುಗಳನ್ನು ಕಿತ್ತುಹಾಕಿ.

3. ಮೈಗೆ ತಾಗುವ ಕಡೆ ಹತ್ತಿ ಬಟ್ಟೆ, ನಡುವೆ ತುಂಡು ಬಟ್ಟೆಗಳು, ಮೇಲೆ ಗಟ್ಟಿ ಬಟ್ಟೆ ಇರಲಿ. ಪದರಗಳು ಜರುಗದಂತೆ ಅಂಚಿನಿಂದ ಒಳಗೆ ಸಾಲುಸಾಲಾಗಿ ಹೊಲಿಯಿರಿ.

4. ಎದೆಗೆ ಒಂದು, ಹೊಟ್ಟೆಗೆ ಒಂದು ಬಟ್ಟೆಯ ಲಾಡಿ ಹಚ್ಚಿ. ಲಾಡಿಯ ಒಳಗೆ ಕೈ ಸಲೀಸಾಗಿ ಹೋಗಬೇಕು. ಆದರೆ ಕಾಲಿಗೆ ತೊಡರುವಷ್ಟು ಜೋತುಬೀಳಬಾರದು. ಕರು ಬೆಳೆದಂತೆ ಸಡಿಲಿಸಿ.

ಸೂಜಿ ಎಣಿಸಿಡಿ

ಕೊಟ್ಟಿಗೆಯಲ್ಲಾಗಲಿ, ಹುಲ್ಲಿನ ಬಣವೆಯ ಹತ್ತಿರವಾಗಲಿ ಹೊಲಿಯಲು ಕೂರಬೇಡಿ. ಹಸುಗಳು ಮೇವನ್ನು ಸರಿಯಾಗಿ ಅಗಿಯದೆ ನುಂಗುತ್ತವೆ. ಮೇವಿನೊಡನೆ ಹೊಟ್ಟೆ ಸೇರಿದ ಸೂಜಿ ಹೊಟ್ಟೆಯ ಗೋಡೆಯನ್ನು ತೂರಿ ಹೃದಯಕ್ಕೂ ಚುಚ್ಚಬಹುದು. ಕರುವಿಗೆಂದು ಹೊಲಿದ ಕೌದಿಯಿಂದ ಹಾಲು ಕೊಡುವ ಹಸುವೇ ಸಾಯುವಂತಾಗಬಾರದು. ಹೊಲಿಗೆ ಮುಗಿದ ಕೂಡಲೇ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿ.

ಬಳಸುವಾಗ ನೆನಪಿಡಿ

* ಹುಟ್ಟಿದ ಕರುವಿನ ಮೈಯನ್ನು ಪೂರ್ತಿ ಒರೆಸಿ, ಒಣಗಿದ ಮೇಲೆಯೇ ಹೊದಿಸಿ.

* ಒದ್ದೆ ಕೌದಿ ಕರುವಿನ ಮೈಶಾಖವನ್ನೇ ಹೀರುತ್ತದೆ. ಬದಲಿಸಲು ಎರಡು ಕೌದಿಗಳಿರಲಿ.

* ಬಿಸಿಲೇರಿದಾಗ ತೆಗೆದು, ಕೌದಿಯನ್ನು ಬಿಸಿಲಿಗೆ ಹಾಕಿ.

* ಒಂದು ಕರುವಿನ ಕೌದಿಯನ್ನು ಕುದಿನೀರಿನಲ್ಲಿ ಒಗೆಯದೆ ಇನ್ನೊಂದಕ್ಕೆ ಹೊದಿಸಬೇಡಿ. ಹೇನು, ಚರ್ಮರೋಗ ಹರಡುತ್ತವೆ.

* ಹೊಗೆ ಹಾಕುವ ಬೆಂಕಿಯ ಬಳಿ ಕೌದಿ ಹೊದ್ದ ಕರುವನ್ನು ಕಟ್ಟಬೇಡಿ.

ಕೌದಿ ಹೊದಿಸಿದರೆ ಸಾಲದು. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸುವುದು, ಮಲಗಲು ಒಣ ಹುಲ್ಲು ಹಾಸುವುದು ಅತ್ಯವಶ್ಯಕ. ಕಿವಿ, ಬಾಯಿ ತಣ್ಣಗಾಗಿ ಕರು ಹಾಲು ಕುಡಿಯದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ಇಂದಿನ ಕರುವೇ ನಾಳಿನ ಹಸು. ಮೂಲೆಯಲ್ಲಿರುವ ಹಳೆ ಬಟ್ಟೆಯ ಗಂಟನ್ನು ಈ ವಾರವೇ ಬಿಚ್ಚಿರಿ.