ತಾಮ್ರದ ತಂತಿಯ ಬೆಲೆ ಹಠಾತ್ತನೆ ಏರುವುದೇಕೆ?

ಬೆಳೆಗೆ ನೀರು ತೀರಾ ಅಗತ್ಯವಾದ ಬೇಸಿಗೆಯಲ್ಲೇ ಪಂಪುಸೆಟ್ಟಿನ ಮೋಟಾರು ಸುಟ್ಟುಹೋಗುವುದು ನಮ್ಮ ರೈತರಿಗೆ ಹೊಸದಲ್ಲ. ಅದನ್ನು ಕೊಳವೆಬಾವಿಯಿಂದ ಮೇಲೆತ್ತಿಸಿ ವೈಂಡಿಂಗ್ ಅಂಗಡಿಗೆ ಒಯ್ದಾಗ, ಹಿಂದಿನ ಸಲಕ್ಕಿಂತ ಬಹಳ ಹೆಚ್ಚಿನ ಹಣ ಕೇಳುತ್ತಾರೆ. ಕಾರಣ ವಿಚಾರಿಸಿದರೆ "ತಾಮ್ರದ ರೇಟು ಏರಿದೆ" ಎಂಬ ಉತ್ತರ ಸಿಗುತ್ತದೆ. ಈ ಉತ್ತರ ಬಹುಮಟ್ಟಿಗೆ ನಿಜವೇ. ಆದರೆ ಬೆಲೆ ಹೇಗೆ ಏರುತ್ತದೆ ಎಂಬುದನ್ನು ತಿಳಿಯದ ರೈತನು ಒಂದೋ ಕೇಳಿದಷ್ಟು ಹಣ ಕೊಟ್ಟು ಬರುತ್ತಾನೆ, ಇಲ್ಲವೇ ಅಗ್ಗದ ತಂತಿಗೆ ಮಾರುಹೋಗಿ ಮರುವರ್ಷ ಮತ್ತೆ ಮೋಟಾರು ಸುಟ್ಟುಕೊಳ್ಳುತ್ತಾನೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ತಂತಿಯ ಬೆಲೆ ಎಂದರೆ ತಾಮ್ರದ ಬೆಲೆ

ಅನೇಕ ಯಂತ್ರಗಳ ಬೆಲೆಯಲ್ಲಿ ಕಚ್ಚಾವಸ್ತುವಿನ ಪಾಲು ಸ್ವಲ್ಪ, ತಯಾರಿಕೆಯ ಖರ್ಚು ಹೆಚ್ಚು. ತಂತಿಯ ವಿಷಯದಲ್ಲಿ ಹಾಗಲ್ಲ. ಅದರ ಬೆಲೆಯ ಬಹುಪಾಲು ಲೋಹದ್ದೇ. ಒಂದು ಚದರ ಮಿಲಿಮೀಟರ್ ಗಾತ್ರದ ತಾಮ್ರದ ತಂತಿ ಒಂದು ಮೀಟರಿಗೆ ಸುಮಾರು 9 ಗ್ರಾಂ ತೂಗುತ್ತದೆ. ಕೊಳವೆಬಾವಿಗೆ ಇಳಿಸುವ 4 ಚದರ ಮಿ.ಮೀ. ಗಾತ್ರದ, ಮೂರು ಎಳೆಗಳ ಚಪ್ಪಟೆ ಕೇಬಲ್ಲನ್ನು ತೆಗೆದುಕೊಳ್ಳಿ. ಅದರ 100 ಮೀಟರ್ ಉದ್ದದಲ್ಲಿ ಹೆಚ್ಚುಕಡಿಮೆ ಹತ್ತೂಮುಕ್ಕಾಲು ಕೆ.ಜಿ. ತಾಮ್ರವಿರುತ್ತದೆ. ತಾಮ್ರದ ಬೆಲೆ ಕೆ.ಜಿ.ಗೆ 100 ರೂಪಾಯಿ ಏರಿದರೆ ಈ ಕೇಬಲ್ಲಿನ ಬೆಲೆ ತೆರಿಗೆ ಬಿಟ್ಟೇ 1,075 ರೂಪಾಯಿಯಷ್ಟು ಏರಲೇಬೇಕು. ಅಂಗಡಿಯವರ ಕೈಯಲ್ಲಿ ಹಳೆಯ ದಾಸ್ತಾನು ಇದ್ದರೂ, ಅದು ಮುಗಿದ ಮೇಲೆ ಹೊಸ ಬೆಲೆಗೇ ತರಬೇಕಾದ್ದರಿಂದ ಅವರು ಇಂದಿನ ದರವನ್ನೇ ಹೇಳುತ್ತಾರೆ.

ಬೆಲೆ ನಿರ್ಧಾರವಾಗುವುದು ಎಲ್ಲಿ?

ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಮಲಾಜ್‌ಖಂಡ್, ರಾಜಸ್ಥಾನದ ಖೇತ್ರಿ ಮತ್ತು ಜಾರ್ಖಂಡಿನ ಸಿಂಗ್‌ಭೂಮ್ ಪ್ರದೇಶಗಳಲ್ಲಿ ತಾಮ್ರದ ಗಣಿಗಳಿವೆ. ಕರ್ನಾಟಕದಲ್ಲೂ ಒಂದು ಕಾಲಕ್ಕೆ ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತಾಮ್ರದ ಅದಿರನ್ನು ತೆಗೆಯುತ್ತಿದ್ದರು. ಆದರೆ ದೇಶದ ಅಗತ್ಯಕ್ಕೆ ಈ ಗಣಿಗಳ ಉತ್ಪನ್ನ ಏನೇನೂ ಸಾಲದು. ನಮ್ಮ ಕಾರ್ಖಾನೆಗಳು ಕರಗಿಸುವ ಅದಿರಿನ ಬಹುಭಾಗ ಹೊರದೇಶಗಳಿಂದ ಬರುತ್ತದೆ. ವರ್ಷಕ್ಕೆ 4 ಲಕ್ಷ ಟನ್ ತಾಮ್ರ ತಯಾರಿಸುವ ಸಾಮರ್ಥ್ಯವಿದ್ದ ತಮಿಳುನಾಡಿನ ತೂತ್ತುಕುಡಿಯ ಕಾರ್ಖಾನೆ 2018ರ ಮೇ ತಿಂಗಳಲ್ಲಿ ಮುಚ್ಚಿದ ಮೇಲೆ, ಅದುವರೆಗೆ ಶುದ್ಧ ತಾಮ್ರವನ್ನು ಹೊರಗೆ ಮಾರುತ್ತಿದ್ದ ಭಾರತವು ಅದನ್ನು ಕೊಳ್ಳುವ ದೇಶವಾಯಿತು.

ಹೀಗಾಗಿ ನಮ್ಮ ಊರಿನ ಅಂಗಡಿಯ ದರವು 1877ರಲ್ಲಿ ಸ್ಥಾಪನೆಯಾದ ಲಂಡನ್ ಲೋಹ ವಿನಿಮಯ ಕೇಂದ್ರದ ದರವನ್ನು ಅನುಸರಿಸುತ್ತದೆ. ಅಲ್ಲಿ ಬೆಲೆಯನ್ನು ಟನ್ನಿಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ. ಆದ್ದರಿಂದ ತಾಮ್ರ ಏರಿದರೂ ನಮಗೆ ಬೆಲೆ ಏರುತ್ತದೆ. ತಾಮ್ರ ಏರದೆ ರೂಪಾಯಿ ಇಳಿದರೂ ಬೆಲೆ ಏರುತ್ತದೆ. 2011ರ ಫೆಬ್ರವರಿಯಲ್ಲಿ ತಾಮ್ರ ಟನ್ನಿಗೆ 10,000 ಡಾಲರ್ ಮುಟ್ಟಿದಾಗ ಒಂದು ಡಾಲರಿಗೆ ಸುಮಾರು 45 ರೂಪಾಯಿ ಇತ್ತು. ಎಂದರೆ ಕೆ.ಜಿ.ಗೆ 450 ರೂಪಾಯಿ. 2021ರ ಮೇ ತಿಂಗಳಲ್ಲಿ ಮತ್ತೆ 10,000 ಡಾಲರ್ ಆದಾಗ ಡಾಲರಿಗೆ ಸುಮಾರು 73 ರೂಪಾಯಿ. ಅದೇ ಕೆ.ಜಿ. ತಾಮ್ರಕ್ಕೆ 730 ರೂಪಾಯಿ ಆಯಿತು. ಆಮದು ಸುಂಕ, ತೆರಿಗೆಗಳು ಇದರ ಮೇಲೆ ಸೇರುತ್ತವೆ.

ಏರಿಕೆ ನಿಧಾನವಾಗಿರದೆ ಹಠಾತ್ತಾಗಿರುವುದೇಕೆ?

ಇದನ್ನು ರೈತರು ತಮ್ಮ ಅನುಭವದಿಂದಲೇ ಅರಿಯಬಹುದು. ಟೊಮೇಟೊ ಬೆಲೆ ಏರಿದರೆ ಎಲ್ಲರೂ ನಾಟಿ ಮಾಡುತ್ತಾರೆ. ಮೂರು ತಿಂಗಳಲ್ಲಿ ಮಾಲು ಬಂದು ಬೆಲೆ ಇಳಿಯುತ್ತದೆ. ಅಡಿಕೆಯ ಬೆಲೆ ಏರಿತೆಂದು ಇಂದು ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ತಾಮ್ರದ ಗಣಿಯು ಅಡಿಕೆ ತೋಟಕ್ಕಿಂತಲೂ ನಿಧಾನ. ಅದಿರು ಪತ್ತೆಯಾದ ಮೇಲೆ ಗಣಿ ಕೆಲಸ ಆರಂಭವಾಗಲು ಹತ್ತು ಹದಿನೈದು ವರ್ಷಗಳೇ ಹಿಡಿಯುತ್ತವೆ. ಮೇಲಾಗಿ ಈಗ ದೊಡ್ಡ ಗಣಿಗಳಲ್ಲಿ ಸಿಗುವ ಅದಿರು ಬಡಕಲು. ಎಷ್ಟೋ ಕಡೆ 100 ಕೆ.ಜಿ. ಕಲ್ಲು ಪುಡಿಮಾಡಿದರೂ ಒಂದು ಕೆ.ಜಿ. ತಾಮ್ರ ದೊರೆಯುವುದಿಲ್ಲ.

ಪೂರೈಕೆಯು ಕೆಲವೇ ದೇಶಗಳ ಕೈಯಲ್ಲಿದೆ. ಪ್ರಪಂಚದ ಗಣಿಗಳಿಂದ ಬರುವ ತಾಮ್ರದ ಸುಮಾರು ಕಾಲು ಭಾಗ ದಕ್ಷಿಣ ಅಮೆರಿಕದ ಚಿಲಿ ದೇಶವೊಂದರದೇ. 2017ರಲ್ಲಿ ಅಲ್ಲಿನ ಎಸ್ಕಾಂಡಿಡಾ ಎಂಬ ಅತಿ ದೊಡ್ಡ ಗಣಿಯಲ್ಲಿ ಆರು ವಾರಗಳಿಗೂ ಹೆಚ್ಚು ಕಾಲ ಮುಷ್ಕರ ನಡೆಯಿತು. 2023ರ ಕೊನೆಯಲ್ಲಿ ಪನಾಮಾ ದೇಶದ ದೊಡ್ಡ ಗಣಿಯೊಂದು ನ್ಯಾಯಾಲಯದ ತೀರ್ಪಿನಿಂದಾಗಿ ಮುಚ್ಚಿತು. 2025ರ ಸೆಪ್ಟೆಂಬರಿನಲ್ಲಿ ಇಂಡೊನೇಷ್ಯಾದ ಗ್ರಾಸ್‌ಬರ್ಗ್ ಗಣಿಯೊಳಗೆ ಕೆಸರು ನುಗ್ಗಿ ಕೆಲಸ ನಿಂತಿತು.

ಬೇಡಿಕೆಯೂ ಸುಲಭವಾಗಿ ತಗ್ಗುವಂಥದಲ್ಲ. ಶುದ್ಧ ತಾಮ್ರದ ಅರ್ಧಕ್ಕೂ ಹೆಚ್ಚು ಭಾಗವನ್ನು ಚೀನಾ ಒಂದೇ ಬಳಸುತ್ತದೆ. ವಿದ್ಯುತ್ ವಾಹನಗಳು, ಸೌರ ಹಾಗೂ ಗಾಳಿ ವಿದ್ಯುತ್ ಘಟಕಗಳು ಹೊಸ ಗಿರಾಕಿಗಳಾಗಿ ಬಂದಿವೆ. ಒಂದು ವಿದ್ಯುತ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಮೂರು ನಾಲ್ಕು ಪಟ್ಟು ತಾಮ್ರ ಬೇಕು. ಮಾಲು ಬೇಗ ಹೆಚ್ಚದು, ಗಿರಾಕಿ ಬೇಗ ಕಡಿಮೆಯಾಗನು. ಇಂಥ ಸ್ಥಿತಿಯಲ್ಲಿ ನೂರಕ್ಕೆ ಎರಡು ಮೂರರಷ್ಟು ಕೊರತೆ ಬಿದ್ದರೂ ಬೆಲೆ ಬಹಳ ಜಿಗಿಯುತ್ತದೆ. ಮುಂದೆ ಸಿಗಲಿಕ್ಕಿಲ್ಲವೆಂಬ ಭಯದಿಂದ ವ್ಯಾಪಾರಿಗಳು ಮುಂಚಿತವಾಗಿ ಕೊಂಡಿಟ್ಟರೆ ಇನ್ನೂ ಏರುತ್ತದೆ. 2025ರಲ್ಲಿ ಅಮೆರಿಕ ತಾಮ್ರದ ಮೇಲೆ ಸುಂಕ ಹೇರುವ ಸುದ್ದಿ ಬಂದಾಗ ವ್ಯಾಪಾರಿಗಳು ಮಾಲನ್ನು ಆ ದೇಶಕ್ಕೆ ಸಾಗಿಸತೊಡಗಿದರು. ಅಲ್ಲಿನ ಬೆಲೆ ಗಗನಕ್ಕೇರಿತು. ಜುಲೈ ಕೊನೆಯಲ್ಲಿ ಶುದ್ಧ ತಾಮ್ರಕ್ಕೆ ವಿನಾಯಿತಿ ಪ್ರಕಟವಾದೊಡನೆ ಅದೇ ಬೆಲೆ ಒಂದೇ ದಿನದಲ್ಲಿ ಸುಮಾರು ಐದನೇ ಒಂದು ಭಾಗ ಕುಸಿಯಿತು.

ಏರಿದ್ದು ಇಳಿಯುವುದೂ ಉಂಟು. 2006ರ ಮೇ ತಿಂಗಳಲ್ಲಿ 8,000 ಡಾಲರ್ ದಾಟಿದ ಬೆಲೆ 2008ರ ಕೊನೆಗೆ 3,000ಕ್ಕಿಂತ ಕೆಳಗಿಳಿಯಿತು. 2020ರ ಮಾರ್ಚಿನಲ್ಲಿ 5,000ಕ್ಕಿಂತ ಕಡಿಮೆ ಇದ್ದದ್ದು 2024ರ ಮೇ ತಿಂಗಳಲ್ಲಿ 11,000 ದಾಟಿತು. 2025ರ ಕೊನೆಯ ತಿಂಗಳುಗಳಲ್ಲಿ ಆ ದಾಖಲೆಯನ್ನೂ ಮೀರಿತು.

ಬೆಲೆ ಏರಿದಾಗ ಬರುವ ಮೋಸ

ತಾಮ್ರ ದುಬಾರಿಯಾದಾಗ ಕಳಪೆ ತಂತಿ ಪೇಟೆಗೆ ಬರುತ್ತದೆ. ಒಳಗೆ ಅಲ್ಯುಮಿನಿಯಂ ಇದ್ದು ಮೇಲೆ ತೆಳುವಾಗಿ ತಾಮ್ರ ಹೊದಿಸಿದ ತಂತಿಯು ನೋಟಕ್ಕೆ ಅಪ್ಪಟ ತಾಮ್ರದಂತೆಯೇ ಇರುತ್ತದೆ. ಒಂದೇ ಗಾತ್ರದ ಅಲ್ಯುಮಿನಿಯಂ ತಂತಿ ವಿದ್ಯುತ್ತಿಗೆ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು ಅಡ್ಡಿಯೊಡ್ಡುತ್ತದೆ. ಕೇಬಲ್ ಬಿಸಿಯಾಗಿ, ಮೋಟಾರಿಗೆ ತಲಪುವ ವೋಲ್ಟೇಜು ಇಳಿದು ಮೋಟಾರು ಸುಡುತ್ತದೆ. ಇನ್ನೊಂದು ಮೋಸ ಸಣ್ಣ ಗೇಜಿನ ತಂತಿ ಸುತ್ತುವುದು. ತಂತಿಯ ದಪ್ಪ ನೂರಕ್ಕೆ ಹತ್ತು ಕಡಿಮೆಯಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಅದರಲ್ಲಿನ ತಾಮ್ರ ನೂರಕ್ಕೆ 19ರಷ್ಟು ಕಡಿಮೆಯಾಗಿರುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಕೇಬಲ್ ಕೊಳ್ಳುವಾಗ ಐ.ಎಸ್.ಐ. ಮುದ್ರೆ ನೋಡಿರಿ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರವಲ್ಲ. ಕೇಬಲ್ಲನ್ನು ತೂಗಿಸಿರಿ. ಮೇಲೆ ಹೇಳಿದ 100 ಮೀಟರ್ ಕೇಬಲ್ ಹೊದಿಕೆಯೂ ಸೇರಿ ಹತ್ತೂಮುಕ್ಕಾಲು ಕೆ.ಜಿ.ಗಿಂತ ಹೆಚ್ಚೇ ತೂಗಬೇಕು. ಅಲ್ಯುಮಿನಿಯಂ ಆದರೆ ಅದರಲ್ಲಿ ಲೋಹದ ತೂಕ ಮೂರೂಕಾಲು ಕೆ.ಜಿ. ಮಾತ್ರ.

2. ವೈಂಡಿಂಗ್ ಬಿಚ್ಚಿದಾಗ ಹಳೆಯ ತಂತಿಯ ದಪ್ಪವನ್ನು ನಿಮ್ಮೆದುರಿಗೇ ಅಳೆಸಿರಿ. ಹೊಸ ತಂತಿಯೂ ಅಷ್ಟೇ ದಪ್ಪವಿರಲಿ. ಗೇಜ್ ನಂಬರು ಹೆಚ್ಚಿದಷ್ಟೂ ತಂತಿ ಸಣ್ಣದೆಂಬುದನ್ನು ಮರೆಯಬೇಡಿರಿ. ಗೇಜು, ತೂಕ ಎರಡನ್ನೂ ಬಿಲ್ಲಿನಲ್ಲಿ ಬರೆಸಿರಿ.

3. ಸುಟ್ಟ ತಂತಿ ಕಸವಲ್ಲ, ಅದು ನಿಮ್ಮ ತಾಮ್ರ. ಮೋಟಾರಿನಿಂದ ನಾಲ್ಕು ಕೆ.ಜಿ. ಹಳೆಯ ತಂತಿ ಹೊರಬಂದರೆ ಅದನ್ನು ತೂಗಿಸಿ ಗುಜರಿ ದರದಲ್ಲಿ ಕೂಲಿಯಿಂದ ಕಳೆಯಿಸಿರಿ, ಇಲ್ಲವೇ ಮನೆಗೆ ತನ್ನಿರಿ.

4. ಸ್ಟಾರ್ಟರಿನಲ್ಲಿ ಸಿಂಗಲ್ ಫೇಸ್ ತಡೆಯುವ ಸಾಧನವಿರಲಿ. ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದ ಮೇಲಿರುವ ಆಂಪಿಯರಿಗೆ ಸರಿಯಾಗಿ ಹೊಂದಿಸಿರಿ. ವೋಲ್ಟೇಜು ತೀರಾ ಕಡಿಮೆಯಿದ್ದಾಗ, ಬಾವಿಯಲ್ಲಿ ನೀರಿಲ್ಲದಾಗ ಮೋಟಾರು ಓಡಿಸಬೇಡಿರಿ.

5. ಮೀಟರಿನಿಂದ ಸ್ಟಾರ್ಟರಿನವರೆಗಿನ ನೆಲದ ಮೇಲಿನ ಮಾರ್ಗಕ್ಕೆ ಹೆಚ್ಚಿನ ಗಾತ್ರದ, ಮುದ್ರೆಯುಳ್ಳ ಅಲ್ಯುಮಿನಿಯಂ ಕೇಬಲ್ ಬಳಸಿ ಹಣ ಉಳಿಸಬಹುದು. ತಾಮ್ರ ಮತ್ತು ಅಲ್ಯುಮಿನಿಯಂ ಕೂಡುವ ಜಾಗದಲ್ಲಿ ಬೈಮೆಟಲ್ ಲಗ್ ಹಾಕಿಸಬೇಕು. ಬಾವಿಯೊಳಗೆ ಮಾತ್ರ ತಾಮ್ರವೇ ಇರಲಿ.

6. ಬೆಲೆ ಏರಿದ ಕಾಲದಲ್ಲಿ ಕೇಬಲ್ ಕಳ್ಳತನವೂ ಹೆಚ್ಚು. ಕೇಬಲ್ಲನ್ನು ಪೈಪಿನೊಳಗೆ ಹಾಯಿಸಿ ಆಳವಾಗಿ ಹೂಳಿರಿ.

7. ಇನ್ನೂ ಏರೀತೆಂಬ ಭಯದಿಂದ ಸಾಲ ಮಾಡಿ ಕೊಂಡಿಡಬೇಡಿರಿ. ಇಳಿದೀತೆಂದು ಕಾದು ಬೆಳೆ ಒಣಗಿಸಲೂಬೇಡಿರಿ. ಅಗತ್ಯ ಬಿದ್ದಾಗ ಎರಡು ಮೂರು ಅಂಗಡಿಗಳ ದರ ಕೇಳಿ, ಆ ದರ ಎಷ್ಟು ದಿನ ನಿಲ್ಲುವುದೆಂದು ವಿಚಾರಿಸಿ ಕೊಳ್ಳಿರಿ.

ಲಂಡನ್ನಿನ ದರವನ್ನಾಗಲಿ ಚಿಲಿಯ ಗಣಿಯನ್ನಾಗಲಿ ನಾವು ಹಿಡಿದು ನಿಲ್ಲಿಸಲಾರೆವು. ಆದರೆ ನಮ್ಮ ಬಾವಿಗೆ ಎಷ್ಟು ತಾಮ್ರವನ್ನು, ಎಷ್ಟು ಸಲ ಕೊಳ್ಳಬೇಕಾಗುತ್ತದೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಸುಡದೆ ಉಳಿದ ಮೋಟಾರಿಗೆ ತಾಮ್ರದ ಬೆಲೆ ಎಷ್ಟಾದರೇನು?