ಪಡಸಾಲೆಯ ಸಾಮಾನುಗಳನ್ನು ಇಡುವ ಕ್ರಮ



ಗೃಹಕೃತ್ಯವೆಂದರೆ ಅಡಿಗೆ, ಹೊಲಿಗೆ, ಮನೆವೆಚ್ಚದ ಲೆಕ್ಕ ಇವು ಮಾತ್ರವೇ ಎಂದು ಅನೇಕರು ಭಾವಿಸುವರು. ಮನೆಯೊಳಗಣ ಸಾಮಾನುಗಳನ್ನು ಎಲ್ಲೆಲ್ಲಿ ಇಡತಕ್ಕದ್ದು ಎಂಬುದೂ ಅದರಲ್ಲಿ ಒಂದು ಮುಖ್ಯವಾದ ಪಾಠವಾಗಿದೆ. ಕುರ್ಚಿಯು ಒಂದು ಮೊಳ ಈಚೆಗೆ ಬಂದರೆ ಆಗುವುದೇನು ಎಂದು ನೀವು ಕೇಳಬಹುದು. ಆ ಒಂದು ಮೊಳದಿಂದ ಮುದುಕಿಯೊಬ್ಬಳು ಎಡವದೆ ನಡೆಯುವಳು. ಹುಡುಗಿಯೊಬ್ಬಳು ಕಣ್ಣು ನೋಯದೆ ಓದುವಳು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಚಾರಿಸೋಣ.

೧. ನಮ್ಮ ಸೀಮೆಯ ಪಡಸಾಲೆ

ಚಿಂಚೋಳಿ ತಾಲೂಕಿನ ಐನಾಪುರವನ್ನೂ ಅದರ ಸುತ್ತಣ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸೀಮೆಯನ್ನೂ ನೆನೆಯಿರಿ. ಈ ಸೀಮೆಯಲ್ಲಿ ಸುಣ್ಣಕಲ್ಲು ಪದರುಪದರಾಗಿ ಏಳುವುದರಿಂದ ಅದನ್ನು ಹಾಸುಗಲ್ಲಾಗಿ ತೆಗೆಯುವುದು ಸುಲಭ. ದೇಶದ ಅನೇಕ ಕಡೆಗಳಲ್ಲಿ ಶಹಾಬಾದ ಫರಸಿ ಎಂದು ಹೆಸರಾದ ಕಲ್ಲು ಇದೇ. ಬೇಸಿಗೆಯಲ್ಲಿ ಇಲ್ಲಿಯ ಸೆಕೆಯು ೪೦ ಡಿಗ್ರಿಯನ್ನು ಮೀರುವದರಿಂದ ನಮ್ಮ ಹಿರಿಯರು ದಪ್ಪ ಗೋಡೆಗಳನ್ನು ಎಬ್ಬಿಸಿ, ಮೇಲೆ ಮಾಳಿಗೆ ಹಾಕಿ, ಕಿಟಕಿಗಳನ್ನು ಚಿಕ್ಕದಾಗಿಯೂ ಕೆಲವಾಗಿಯೂ ಇಟ್ಟರು. ಹೀಗೆ ತಂಪನ್ನು ಪಡೆಯುವದಕ್ಕಾಗಿ ಅವರು ಬೆಳಕನ್ನು ಬಿಟ್ಟುಕೊಟ್ಟರು. ಆದದರಿಂದ ಇಂಥ ಮನೆಯಲ್ಲಿ ಎಲ್ಲಕ್ಕಿಂತ ದುರ್ಲಭವಾದ ವಸ್ತು ಬೆಳಕೇ.

ಆ ಕಾಲದ ಪಡಸಾಲೆಯಲ್ಲಿ ಸ್ಥಿರವಾದ ಸಾಮಾನು ಬಹಳವಿರಲಿಲ್ಲ. ಜಮಖಾನೆ, ಚಾಪೆ, ಲೋಡು, ಹೊರಸು ಇವೆಲ್ಲವೂ ಎತ್ತಿ ಇಡತಕ್ಕವುಗಳೇ. ಒಂದೇ ಸ್ಥಳವು ಹಗಲು ತೊಗರಿ ಹಸನುಮಾಡುವ ಅಂಗಳವೂ, ಸಂಜೆ ಬಂದವರನ್ನು ಕೂರಿಸುವ ಸಭೆಯೂ, ರಾತ್ರಿ ಮಲಗುವ ಕೋಣೆಯೂ ಆಗುತ್ತಿತ್ತು. ಕೆಲಸವು ಬಂದಲ್ಲಿಗೆ ಸಾಮಾನು ಬರುತ್ತಿತ್ತು.

ಈಗಲಾದರೋ ಸೋಫಾ, ಕಪಾಟು, ಟೀವಿ ಮುಂತಾದವುಗಳು ಬಂದಿವೆ. ಅವುಗಳನ್ನು ತಂದ ದಿನ ಗೋಡೆಗೆ ಒತ್ತಿ ಸಾಲಾಗಿ ಇಟ್ಟರೆ ಮುಂದೆ ಹತ್ತು ವರ್ಷ ಅಲ್ಲಿಯೇ ಇರುವವು. ಕಿಟಕಿಯ ಕೆಳಗೆ ಟ್ರಂಕು, ಅದರ ಮೇಲೆ ಹಾಸಿಗೆಯ ರಾಶಿ. ಬೆಳಕು ಒಳಗೆ ಬರಲಾರದು. ವಾರಕ್ಕೆ ಎರಡು ಸಾರಿ ಬರುವ ಅತಿಥಿಗೆ ಒಳ್ಳೆಯ ಆಸನ ಉಂಟು. ದಿನಾಲು ಓದಬೇಕಾದ ಮಗಳು ಅಡಿಗೆಮನೆಯ ಬಾಗಿಲ ಬಳಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವಳು. ಹತ್ತನೆಯ ತರಗತಿಯ ಪರೀಕ್ಷೆಯು ಹತ್ತಿರ ಬಂದಾಗಲೂ ಆಕೆಗೆ ಸ್ಥಳವಿಲ್ಲ. ಇದು ಬಡತನದ ದೋಷವಲ್ಲ, ಇಟ್ಟ ಕ್ರಮದ ದೋಷ.

೨. ಅನ್ಯದೇಶಗಳ ಎರಡು ಉದಾಹರಣೆಗಳು

ಸಾಮಾನುಗಳನ್ನು ಗೋಡೆಗೆ ಸಾಲಿಡುವ ಪದ್ಧತಿಯು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಕುರ್ಚಿಗಳನ್ನು ಬೇಕಾದಾಗ ನಡುವೆ ತಂದು, ಕೆಲಸ ತೀರಿದ ಮೇಲೆ ತಿರಿಗಿ ಗೋಡೆಗೆ ನಿಲ್ಲಿಸುತ್ತಿದ್ದರು. ಮುಂದಿನ ಶತಮಾನದ ಆರಂಭದಲ್ಲಿ ಈ ರೂಢಿಯು ಸಡಲಿತು. ೧೮೧೭ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಎಂಬಾಕೆಯ ‘ಪರ್ಸ್ವೇಷನ್’ ಕಾದಂಬರಿಯಲ್ಲಿ ಇಂಥ ಒಂದು ಹಳೆಯ ಪಡಸಾಲೆಯ ವರ್ಣನೆ ಉಂಟು. ಅಲ್ಲಿ ವಾದ್ಯಗಳನ್ನೂ ಚಿಕ್ಕ ಮೇಜುಗಳನ್ನೂ ದಿಕ್ಕುದಿಕ್ಕಿಗೆ ಇಟ್ಟು ಕೋಣೆಯ ರೂಪವನ್ನು ಬದಲಿಸಿದವರು ಆ ಮನೆಯ ಹೆಣ್ಣುಮಕ್ಕಳೇ.

ಎರಡನೆಯದು ದಾದಿಯರ ವಿದ್ಯೆಗೆ ಅಸ್ತಿವಾರ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರದು. ೧೮೫೯ರಲ್ಲಿ ಅವರು ಬರೆದ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯ ಮಂಚದ ಪಕ್ಕವು ಗೋಡೆಗೆ ತಾಗಕೂಡದೆಂದು ಹೇಳಿದ್ದಾರೆ. ಯಾಕಂದರೆ ದಾದಿಯು ಎರಡು ಕಡೆಯಿಂದಲೂ ಸಮೀಪಿಸುವಂತಿರಬೇಕು. ರೋಗಿಯು ಮಲಗಿದಲ್ಲಿಂದಲೇ ಕಿಟಕಿಯ ಹೊರಗೆ ನೋಡುವಂತಿರಬೇಕೆಂದೂ ಅವರ ಮತ. ಅವರು ನೋಡುವವರ ಕಣ್ಣಿಗಾಗಿ ಅಲ್ಲ, ಉಪಯೋಗಿಸುವವರ ದೇಹಕ್ಕಾಗಿ ಮಂಚವನ್ನು ಸರಿಸಿದರು. ಈ ಪಾಠದ ಸಾರವೂ ಅಷ್ಟೇ.

೩. ನೆನಪಿಡತಕ್ಕ ನಿಯಮಗಳು

ಮೊದಲನೆಯದು, ಬೆಳಕು. ದೀಪದಿಂದ ಎರಡು ಅಡಿ ದೂರದಲ್ಲಿದ್ದ ಪುಟವನ್ನು ನಾಲ್ಕು ಅಡಿಗೆ ಸರಿಸಿದರೆ ಅದರ ಮೇಲೆ ನೇರವಾಗಿ ಬೀಳುವ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುವುದು. ಬಲಗೈಯಿಂದ ಬರೆಯುವವಳಿಗೆ ಬೆಳಕು ಎಡಗಡೆಯಿಂದ ಬರತಕ್ಕದ್ದು. ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದು.

ಎರಡನೆಯದು, ಸೆಕೆ. ಪಡುವಣ ಗೋಡೆಯು ಮಧ್ಯಾಹ್ನದ ಬಿಸಿಲನ್ನು ಕುಡಿದು, ಹೊತ್ತು ಮುಳುಗಿದ ಮೇಲೆ ಆ ಬಿಸಿಯನ್ನು ಒಳಗೆ ಬಿಡುವುದು. ಆದದರಿಂದ ಬೇಸಿಗೆಯಲ್ಲಿ ಆಸನಗಳನ್ನೂ ಹೊರಸನ್ನೂ ಆ ಗೋಡೆಯಿಂದ ಎರಡು ಮೂರು ಅಡಿ ದೂರ ಇಡಬೇಕು. ಚಳಿಗಾಲದಲ್ಲಿ ಬೇಕಾದರೆ ತಿರಿಗಿ ಹತ್ತಿರ ತರಬಹುದು.

ಮೂರನೆಯದು, ದಾರಿ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆಯುವ ಹಾದಿಯಲ್ಲಿ ಮೂರು ಅಡಿ ಅಗಲವು ಬರಿದಾಗಿರಲಿ.

ನಾಲ್ಕನೆಯದು, ಶುಚಿ. ಸಾಮಾನಿನ ಹಿಂದೆ ಕಸಬರಿಗೆ ಹೋಗುವಷ್ಟು ಎಡೆ ಇರಲಿ. ಯಾಕಂದರೆ ಕಲ್ಲಿನ ಮನೆಯಲ್ಲಿ ಚೇಳು ಅಡಗುವುದು ಗುಡಿಸದ ಸಂದಿಯಲ್ಲಿಯೇ.

ಐದನೆಯದು, ನೆಲ. ಹಳೆಯ ಫರಸಿಯು ಎಲ್ಲೆಡೆಯೂ ಸಮವಾಗಿರದು. ನಾಲ್ಕು ಕಾಲಿನ ಮಣೆ ಅಲ್ಲಿ ಅಲುಗಾಡಬಹುದು; ಮೂರು ಕಾಲಿನದು ಅಲುಗಾಡದು, ಯಾಕಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಇರುವವು. ರೇಖಾಗಣಿತವು ಪಡಸಾಲೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆಂದು ತಿಳಿಯಿರಿ.

೪. ಒಂದು ಪಡಸಾಲೆಯನ್ನು ಬದಲಿಸುವ ರೀತಿ

ತೆಂಕು ಬಡಗು ೧೬ ಅಡಿ, ಮೂಡು ಪಡುವು ೧೦ ಅಡಿ ಇರುವ ಒಂದು ಪಡಸಾಲೆ ಎಂದು ಎಣಿಸಿರಿ. ಮೂಡಣ ಗೋಡೆಯ ನಡುವೆ ತಲಬಾಗಿಲು, ಅದಕ್ಕೆ ಇದಿರಾಗಿ ಪಡುವಣ ಗೋಡೆಯಲ್ಲಿ ಅಡಿಗೆಮನೆಯ ಬಾಗಿಲು, ಬಡಗಣ ಗೋಡೆಯಲ್ಲಿ ಒಂದೇ ಕಿಟಕಿ. ಎರಡು ಬಾಗಿಲುಗಳ ನಡುವಣ ದಾರಿಗೆ ೩ ಅಡಿ ಬಿಟ್ಟರೆ ಎರಡು ಮಗ್ಗುಲಲ್ಲಿಯೂ ಆರೂವರೆ ಅಡಿಯ ಭಾಗ ಉಳಿಯುವುದು.

ತೆಂಕಣ ಭಾಗವು ಅತಿಥಿಗಳಿಗೂ ಟೀವಿಗೂ ಇರಲಿ. ಸೋಫಾವನ್ನು ಗೋಡೆಯಿಂದ ತೆಗೆದು, ಬೆನ್ನು ದಾರಿಯ ಕಡೆಗೂ ಮುಖವು ತೆಂಕಣ ಕಡೆಗೂ ಆಗುವಂತೆ ಇಡಿರಿ. ಅದರ ಬೆನ್ನೇ ಒಂದು ಗಿಡ್ಡ ಗೋಡೆಯಾಗಿ ಒಂದು ಕೋಣೆಯನ್ನು ಎರಡು ಮಾಡುವುದು. ಎರಡು ಕುರ್ಚಿಗಳನ್ನು ಎಡಬಲದಲ್ಲಿ ಓರೆಯಾಗಿ ಇಟ್ಟರೆ ಕೂತವರು ಒಬ್ಬರ ಮುಖವನ್ನೊಬ್ಬರು ನೋಡಿ ಮಾತಾಡುವರು. ಸಾಲಾಗಿ ಕೂತವರಂತೆ ಕುತ್ತಿಗೆ ತಿರುಗಿಸಬೇಕಾಗಿಲ್ಲ.

ಬಡಗಣ ಭಾಗವು ಓದಿಗೆ. ಕಿಟಕಿಯ ಕೆಳಗಿನ ಟ್ರಂಕನ್ನು ತೆಗೆದು ಅಲ್ಲಿ ಮೇಜನ್ನಿಡಿರಿ. ಓದುವವಳು ಮೂಡಣ ದಿಕ್ಕಿಗೆ ಮುಖಮಾಡಿ ಕೂತರೆ ಕಿಟಕಿಯು ಆಕೆಯ ಎಡಕ್ಕೆ ಬರುವುದು. ಬಡಗಣ ಕಿಟಕಿಯಲ್ಲಿ ವರ್ಷದ ಬಹುಭಾಗ ಬಿಸಿಲು ನೇರವಾಗಿ ಬಾರದೆ ಸೌಮ್ಯವಾದ ಬೆಳಕೇ ಬರುವುದು. ಟೀವಿಯ ಸದ್ದು ಕೇಳಿಸಿದರೂ ಚಿತ್ರವು ಕಣ್ಣಿಗೆ ಬೀಳದು. ಟ್ರಂಕನ್ನು ಆಕೆಯ ಹಿಂದೆ ಇಟ್ಟು ಕಂಬಳಿ ಹಾಸಿದರೆ, ನೆಲದಿಂದ ಏಳಲಾರದ ಅಜ್ಜಿಗೆ ಅದೇ ಒಳ್ಳೆಯ ಆಸನವಾಗುವುದು. ಇಷ್ಟಕ್ಕೆಲ್ಲ ಒಂದು ಪೈಸೆಯ ಖರ್ಚೂ ಇಲ್ಲ.

೫. ಹಿರಿಯರೊಡನೆ ನಡೆಯಬೇಕಾದ ರೀತಿ

ಮನೆಯವರು ಹೊಲಕ್ಕೆ ಹೋದಾಗ ಎಲ್ಲವನ್ನೂ ತಿರುಗುಮುರುಗು ಮಾಡಿ ಇಡುವುದು ಜಾಣತನವಲ್ಲ. ಮುದುಕರ ಕಾಲಿಗೆ ಹಳೆಯ ದಾರಿಯ ನೆನಪಿರುತ್ತದೆ. ಕತ್ತಲಲ್ಲಿ ಎಡವಿ ಬಿದ್ದರೆ ನಿಮ್ಮ ವಿದ್ಯೆಗೇ ಕೆಟ್ಟ ಹೆಸರು. ಮೊದಲು ಚಿತ್ರ ಬರೆದು ತೋರಿಸಿರಿ. “ಅಪ್ಪಾ, ಎಂಟು ದಿನ ಹೀಗೆ ಇಟ್ಟು ನೋಡೋಣ, ನಿಮಗೆ ಸರಿಬೀಳದಿದ್ದರೆ ನಾನೇ ಮೊದಲಿನ ಹಾಗೆ ಇಡುವೆನು” ಎಂದು ಕೇಳಿರಿ. ಅಜ್ಜಿಯ ಆಸನವನ್ನು ಮೊದಲು ಗೊತ್ತುಮಾಡಿ ತರುವಾಯ ನಿಮ್ಮ ಮೇಜನ್ನು ಗೊತ್ತುಮಾಡಿರಿ. ‘ಜನ ಏನಂದಾರು’ ಎಂದು ಯಾರಾದರೂ ಕೇಳಿದರೆ, ಹಿಂದಿನವರು ಜಮಖಾನೆಯನ್ನು ದಿನಕ್ಕೆ ಮೂರು ಸಾರಿ ಸರಿಸುತ್ತಿದ್ದರೆಂದು ವಿನಯದಿಂದ ಹೇಳಿರಿ. ಇದು ಹೊಸ ಪದ್ಧತಿಯಂತೆ ಕಂಡರೂ ನಿಜವಾಗಿ ಅಜ್ಜಿಯ ಕಾಲದ ಬುದ್ಧಿಯೇ. ಭಾರವಾದದ್ದನ್ನು ಎಳೆಯದೆ ಇಬ್ಬರು ಕೂಡಿ ಎತ್ತಿರಿ. ಟ್ರಂಕನ್ನು ಬರಿದುಮಾಡಿ ಎತ್ತಿರಿ.

ಅಭ್ಯಾಸ

ರಜೆಯಲ್ಲಿ ನಿಮ್ಮ ಪಡಸಾಲೆಯನ್ನು ಅಳೆದು, ಚೌಕಳಿ ಕಾಗದದ ಮೇಲೆ ಅಡಿಗೆ ಒಂದು ಮನೆಯಂತೆ ಅದರ ನಕ್ಷೆಯನ್ನು ಬರೆಯಿರಿ. ಬಾಗಿಲು, ಕಿಟಕಿ, ದೀಪ ಇವುಗಳನ್ನು ಗುರುತಿಸಿರಿ. ಸಾಮಾನುಗಳನ್ನು ಅದೇ ಅಳತೆಯಲ್ಲಿ ರಟ್ಟಿನಿಂದ ಕತ್ತರಿಸಿ ನಕ್ಷೆಯ ಮೇಲೆ ಸರಿಸಿ ನೋಡಿರಿ. ಬಳಿಕ ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಬೆಳಕು ಎಲ್ಲಿ ಬೀಳುತ್ತದೆ? ಅಲ್ಲಿ ಈಗ ಇರುವುದೇನು? ಅಲ್ಲಿ ಇರತಕ್ಕವರು ಯಾರು?