ಕೈಯ ಮೂಳೆಗಳು: ರಚನೆ ಮತ್ತು ರಕ್ಷಣೆ

ಮಾನವ ದೇಹಕ್ಕೆ ಆಕಾರವನ್ನೂ ಆಧಾರವನ್ನೂ ನೀಡುವುದು ಅಸ್ಥಿಪಂಜರ. ಮಿದುಳು, ಹೃದಯ, ಶ್ವಾಸಕೋಶಗಳಂತಹ ಮೃದುವಾದ ಅಂಗಗಳ ರಕ್ಷಣೆ, ಸ್ನಾಯುಗಳಿಗೆ ಆಸರೆ, ಕ್ಯಾಲ್ಸಿಯಂ ಮತ್ತು ರಂಜಕಗಳ ಸಂಗ್ರಹ, ಮಜ್ಜೆಯಲ್ಲಿ ರಕ್ತಕಣಗಳ ಉತ್ಪಾದನೆ ಇವೆಲ್ಲವೂ ಅದರ ಕಾರ್ಯಗಳು. ವಯಸ್ಕರಲ್ಲಿ ಸಾಮಾನ್ಯವಾಗಿ 206 ಮೂಳೆಗಳಿರುತ್ತವೆ. ತಲೆಬುರುಡೆ, ಬೆನ್ನೆಲುಬು, ಪಕ್ಕೆಲುಬು, ಎದೆಮೂಳೆ ಮುಂತಾಗಿ ದೇಹದ ನಡುಭಾಗದಲ್ಲಿರುವವು 80. ಕೈಕಾಲುಗಳವು ಹಾಗೂ ಅವುಗಳನ್ನು ಮುಂಡಕ್ಕೆ ಜೋಡಿಸುವ ಭುಜ, ಸೊಂಟಗಳವು 126.

ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದೊಂದು ಕೈಯಲ್ಲಿ 27 ಮೂಳೆಗಳಿವೆ. ಎರಡೂ ಕೈ ಸೇರಿದರೆ 54; ಅಂದರೆ ದೇಹದ ಒಟ್ಟು ಮೂಳೆಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಲ್ಲಿಯೇ ಇವೆ.

ಮೂರು ವಿಭಾಗಗಳು

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಎರಡು ಸಾಲುಗಳಲ್ಲಿವೆ. ಹೆಬ್ಬೆರಳ ಕಡೆಯಿಂದ ಎಣಿಸಿದರೆ, ಮುಂದೋಳಿಗೆ ಸಮೀಪದ ಸಾಲಿನಲ್ಲಿ ದೋಣಿಯಾಕಾರದ ಸ್ಕ್ಯಾಫಾಯಿಡ್, ಅರ್ಧಚಂದ್ರಾಕಾರದ ಲೂನೇಟ್, ಮೂರು ಮೂಲೆಗಳ ಟ್ರೈಕ್ವೆಟ್ರಲ್, ಬಟಾಣಿ ಕಾಳಿನಂತಹ ಪಿಸಿಫಾರ್ಮ್ ಇವೆ. ಮುಂದಿನ ಸಾಲಿನಲ್ಲಿ ಟ್ರೆಪೀಜಿಯಂ, ಟ್ರೆಪಿಜಾಯಿಡ್, ಎಲ್ಲಕ್ಕಿಂತ ದೊಡ್ಡದಾದ ಕ್ಯಾಪಿಟೇಟ್ ಮತ್ತು ಕೊಕ್ಕೆಯುಳ್ಳ ಹ್ಯಾಮೇಟ್ ಇವೆ.

ಅಂಗೈಯಲ್ಲಿ ಬೆರಳಿಗೊಂದರಂತೆ ಐದು ನೀಳ ಮೂಳೆಗಳಿವೆ. ಬೆರಳುಗಳಲ್ಲಿ 14 ಮೂಳೆಗಳಿದ್ದು, ಹೆಬ್ಬೆರಳಿಗೆ ಎರಡು, ಉಳಿದ ನಾಲ್ಕಕ್ಕೆ ತಲಾ ಮೂರು ಇವೆ. ಹೆಬ್ಬೆರಳ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಆದುದರಿಂದಲೇ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಲ್ಲಬಲ್ಲದು. ಲೇಖನಿ ಹಿಡಿಯುವುದೂ ತುತ್ತು ಕಲಸುವುದೂ ಸಾಧ್ಯವಾಗಿದೆ.

ಜೀವಂತ ಅಂಗಾಂಶ

ಮೂಳೆ ಕಲ್ಲಿನಂತೆ ಜಡವಾದುದಲ್ಲ. ಅದರೊಳಗೆ ರಕ್ತ ಹರಿಯುತ್ತದೆ. ಅದು ಬೆಳೆಯುತ್ತದೆ, ಮುರಿದರೆ ಕೂಡಿಕೊಳ್ಳುತ್ತದೆ. ನವಜಾತ ಶಿಶುವಿನ ಮಣಿಕಟ್ಟು ಬಹುಮಟ್ಟಿಗೆ ಮೃದ್ವಸ್ಥಿಯದು. ವರ್ಷಗಳು ಕಳೆದಂತೆ ಅದು ಒಂದು ಕ್ರಮದಲ್ಲಿ ಮೂಳೆಯಾಗಿ ಗಟ್ಟಿಗೊಳ್ಳುತ್ತದೆ. ಮಕ್ಕಳ ಬೆಳವಣಿಗೆಯನ್ನು ಅಳೆಯಲು ವೈದ್ಯರು ಎಡಗೈಯ ಎಕ್ಸ್-ರೇ ಚಿತ್ರವನ್ನು ಪರಿಶೀಲಿಸುವುದು ಈ ಕಾರಣದಿಂದಲೇ.

ಉಳುಕೆಂಬ ಭ್ರಮೆ

ಜಾರಿ ಬೀಳುವಾಗ ಮನುಷ್ಯನು ಸಹಜವಾಗಿ ಅಂಗೈಯನ್ನು ಮುಂದೆ ಚಾಚುತ್ತಾನೆ. ಆಗ ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ವೃದ್ಧರಲ್ಲಿ, ವಿಶೇಷವಾಗಿ ಮುಟ್ಟು ನಿಂತ ಸ್ತ್ರೀಯರಲ್ಲಿ, ಮುಂದೋಳಿನ ಮೂಳೆಯ ತುದಿ ಮುರಿಯುವುದು ಹೆಚ್ಚು. ತರುಣರಲ್ಲಿ ಸ್ಕ್ಯಾಫಾಯಿಡ್ ಮೂಳೆ ಮುರಿಯುವ ಸಂಭವ ಅಧಿಕ.

ಸ್ಕ್ಯಾಫಾಯಿಡ್ ಮುರಿದಾಗ ಕೈ ಸೊಟ್ಟಗಾಗದಿರಬಹುದು, ಊತವೂ ಅಲ್ಪವಾಗಿರಬಹುದು. ಹೀಗಾಗಿ ಅನೇಕರು ಅದನ್ನು ಉಳುಕೆಂದು ಭಾವಿಸಿ ಎಣ್ಣೆ ಹಚ್ಚಿ ನೀವಿಸುತ್ತಾರೆ. ಆದರೆ ಈ ಮೂಳೆಗೆ ರಕ್ತವು ಬಹುಪಾಲು ಬೆರಳ ಕಡೆಯ ಭಾಗದಿಂದ ಪ್ರವೇಶಿಸಿ ಮುಂದೋಳಿನ ಕಡೆಗೆ ಸಾಗುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪಿ ಅದು ನಶಿಸಬಹುದು. ಚಿಕಿತ್ಸೆ ತಡವಾದರೆ ಮೂಳೆ ಕೂಡದೆ, ಕ್ರಮೇಣ ಕೀಲು ಸವೆದು, ಕೈಯ ಹಿಡಿತ ಕುಂದುತ್ತದೆ. ಕೈಕೆಲಸವನ್ನೇ ನಂಬಿದ ಕುಟುಂಬಕ್ಕೆ ಇದು ಜೀವನೋಪಾಯದ ಪ್ರಶ್ನೆ.

ಗುರುತಿಸುವ ಬಗೆ

ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಅದರ ಬುಡದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ, ಚಿಕ್ಕ ಗುಳಿಯೊಂದು ಕಾಣುತ್ತದೆ. ಹಿಂದೆ ನಶ್ಯ ಸೇದುವವರು ಅಲ್ಲಿ ಚಿಟಿಕೆ ನಶ್ಯ ಇಟ್ಟುಕೊಳ್ಳುತ್ತಿದ್ದುದರಿಂದ ಅದಕ್ಕೆ ನಶ್ಯದ ಗುಳಿ ಎಂಬ ಹೆಸರು. ಬಿದ್ದ ಅನಂತರ ಈ ಗುಳಿಯನ್ನು ಒತ್ತಿದಾಗ ನೋವಾದರೆ ಸ್ಕ್ಯಾಫಾಯಿಡ್ ಮುರಿದಿರಬಹುದೆಂದು ಶಂಕಿಸಬೇಕು. ಮೊದಲ ಎಕ್ಸ್-ರೇಯಲ್ಲಿ ಬಿರುಕು ಕಾಣದಿರುವುದೂ ಉಂಟು. ಆದುದರಿಂದ ಪಟ್ಟಿ ಹಾಕಿ, 10ರಿಂದ 14 ದಿನಗಳ ಬಳಿಕ ಮತ್ತೆ ಬರುವಂತೆ ವೈದ್ಯರು ಸೂಚಿಸಿದರೆ ತಪ್ಪದೆ ಹೋಗಬೇಕು.

ಪ್ರಥಮ ಚಿಕಿತ್ಸೆ

• ಊತ ಹೆಚ್ಚುವ ಮೊದಲೇ ಬಳೆ, ಉಂಗುರ, ಕೈಗಡಿಯಾರಗಳನ್ನು ತೆಗೆಯಬೇಕು.
• ಮಡಿಸಿದ ವೃತ್ತಪತ್ರಿಕೆ ಅಥವಾ ರಟ್ಟನ್ನು ಆಸರೆಯಾಗಿಟ್ಟು, ಬಿಗಿಯಾಗದಂತೆ ಬಟ್ಟೆ ಕಟ್ಟಿ, ಕೈಯನ್ನು ಎದೆಯ ಮಟ್ಟದಲ್ಲಿ ಇರಿಸಬೇಕು.
• ನೀವುವುದು, ಎಳೆಯುವುದು, ತಿರುಚುವುದು ಸಲ್ಲದು.
• ಬೆರಳು ಬಿಳಿಚಿದರೆ, ಮರಗಟ್ಟಿದರೆ ಅಥವಾ ಗಾಯದಲ್ಲಿ ಮೂಳೆ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆರಳುದ್ದವೂ ಇಲ್ಲದ ಒಂದು ಮೂಳೆಯ ಆರೋಗ್ಯದ ಮೇಲೆ ಇಡೀ ಕೈಯ ದುಡಿಮೆ ನಿಂತಿದೆ. ಸಕಾಲದಲ್ಲಿ ಮಾಡಿಸಿದ ಪರೀಕ್ಷೆಯೇ ಅದಕ್ಕೆ ರಕ್ಷೆ.